ಹುಲ್ಲಿನ ಮೇಲೆ ಮೂವತ್ತೇಳು

ಹವಾಮಾನ ವೀಕ್ಷಕರ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾಳೆ ಮಳೆ ಬರುತ್ತದೆಯೇ ಎಂದು ಹಾಲಿನವನಿಂದ ಹಿಡಿದು ನೆಂಟರವರೆಗೆ ಎಲ್ಲರೂ ನಿಮ್ಮನ್ನು ಕೇಳುತ್ತಾರೆ, ನಿಮಗೆ ಅದು ಗೊತ್ತಿರುವುದಿಲ್ಲ. ನಾಳೆಯ ಲೆಕ್ಕ ಹಾಕುವವರು ಬೇರೆ, ಅವರು ದೊಡ್ಡ ಊರುಗಳಲ್ಲಿ ಕೂತಿರುತ್ತಾರೆ. ನಮ್ಮದು ಇವತ್ತಿನ ಕೆಲಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬೇಲಿಯೊಳಗಿನ ಬಿಳಿ ಮರದ ಪೆಟ್ಟಿಗೆಯ ಬಾಗಿಲು ತೆಗೆದು, ಉಸಿರು ಹಿಡಿದು, ಪಾದರಸ ಎಲ್ಲಿ ನಿಂತಿದೆ ಎಂದು ಓದಿ ಮೇಲಿನವರಿಗೆ ತಿಳಿಸುವುದು. ಉಸಿರು ಯಾಕೆ ಹಿಡಿಯಬೇಕೆಂದರೆ, ನಿಮ್ಮ ಬಾಯಿಯ ಬಿಸಿಗೂ ಪಾದರಸ ಏರುತ್ತದೆ. “ದಿನಾ ಎರಡ ಸಲ ಪೆಟ್ಟಿಗಿ ತಗದು ಮುಚ್ಚಾಕ ಸರ್ಕಾರ ಪಗಾರ ಕೊಡ್ತದೇನು?” ಎಂದು ನನ್ನ ಅತ್ತೆ ಕೊನೆಯವರೆಗೂ ಕೇಳುತ್ತಿದ್ದರು.

ನನ್ನ ತವರು ವಿಜಯಪುರದ ಕಡೆ. ವರ್ಗವಾಗುತ್ತ ಆಗುತ್ತ ಮಹಾರಾಷ್ಟ್ರಕ್ಕೆ ಬಂದು, ನೌಕರಿಯ ಕೊನೆಯ ವರ್ಷಗಳನ್ನು ನಾಶಿಕ ಜಿಲ್ಲೆಯ ಸಿನ್ನರಿನ ಆಚೆಗಿನ ಒಂದು ಸಣ್ಣ ಊರಿನಲ್ಲಿ ಕಳೆದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಜನ ಇವತ್ತಿಗೂ ನನಗೆ ಬೇಕಾದವರು, ನಾನು ಇಲ್ಲಿ ಬರೆಯುವುದೆಲ್ಲ ಅವರಿಗೆ ಹಿತವಾಗಲಿಕ್ಕಿಲ್ಲ. ನಮ್ಮ ಯಜಮಾನರು ನಾಶಿಕದ ಅಂಬಡ್‌ನಲ್ಲಿ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್. ಅಲ್ಲೇ ಒಂದು ಬಾಡಿಗೆ ಕೋಣೆ ಮಾಡಿಕೊಂಡು ರಜೆಯ ದಿನ ಬಂದುಹೋಗುತ್ತಿದ್ದರು. ಮನೆಯಲ್ಲಿ ನಾನು, ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಅಶ್ವಿನಿ. ನಾನು ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ ತಿರುಗಿ ಉತ್ತರ ಕೊಡುತ್ತಿದ್ದಳು. ಸಿಟ್ಟು ತೀರಾ ಏರಿದಾಗ ಮಾತ್ರ ಅವಳಿಗೂ ಕನ್ನಡವೇ ಬರುತ್ತಿತ್ತು.

ನಾಶಿಕದಲ್ಲಿ ಮಳೆ ಹಿಡಿದು ಕೂತಾಗಲೂ ಮೋಡಗಳು ನಮ್ಮ ಊರಿನ ಮೇಲೆ ಹಾದು ಮುಂದೆ ಹೋಗುತ್ತಿದ್ದವು. ಕರಿಕಲ್ಲಿನ ಬೋಳು ಗುಡ್ಡ, ಜಾಲಿ ಗಿಡ, ಧೂಳು. ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರು ಬಂದ ದಿನ ಹಬ್ಬ. ಮಧ್ಯಾಹ್ನ ತಗಡಿನ ಸೂರಿನ ಮನೆಗಳೊಳಗೆ ಕೂರಲು ಆಗುತ್ತಿರಲಿಲ್ಲ. ಇಂಥ ಊರಿನಲ್ಲಿ ಹೇಗೆ ಬದುಕುತ್ತೀರಿ ಎಂದು ಕೇಳಿದವರಿಗೆ ನಾನು ಮೈದಾನ ತೋರಿಸುತ್ತಿದ್ದೆ. ಬಿಸಿಲು ಇಳಿಯಿತೆಂದರೆ ಊರಿಗೆ ಊರೇ ಅಲ್ಲಿಗೆ ಬರುತ್ತಿತ್ತು. ಮುದುಕರು ಸುತ್ತು ಹಾಕುತ್ತಿದ್ದರು, ಹೆಂಗಸರು ಚುರುಮುರಿ ಕಟ್ಟಿಕೊಂಡು ಬಂದು ಕೂರುತ್ತಿದ್ದರು, ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗ ಹುಡುಗಿಯರು ಓಡುತ್ತಿದ್ದರು. ಆ ಮೈದಾನ ಇಲ್ಲದಿದ್ದರೆ ಆ ಊರಿನಲ್ಲಿ ಅರ್ಧ ಜನ ಹುಚ್ಚರಾಗುತ್ತಿದ್ದರು ಎಂದು ನಾನು ಈಗಲೂ ನಂಬಿದ್ದೇನೆ.

ನಮ್ಮ ವೀಕ್ಷಣಾಲಯ ಅದೇ ಮೈದಾನದ ಒಂದು ಮೂಲೆಯಲ್ಲಿತ್ತು. ಬೇಲಿಗೆ ಒಂದು ಕರಿ ತಗಡಿನ ಹಲಗೆ ಕಟ್ಟಿತ್ತು. ಮಧ್ಯಾಹ್ನ ಪೆಟ್ಟಿಗೆ ನೋಡಿ ಆ ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆಯುವುದು ನನಗಿಂತ ಮೊದಲಿದ್ದವರು ಹಾಕಿಕೊಟ್ಟ ರೂಢಿ. ಇಲಾಖೆ ಅದನ್ನು ಕೇಳಿರಲಿಲ್ಲ, ಊರು ಕೇಳಿತ್ತು. ಓಟ ಕಲಿಸುತ್ತಿದ್ದ ಶಿಂದೆ ಸರ್ ಸೈನ್ಯದಿಂದ ನಿವೃತ್ತರಾಗಿ ಬಂದವರು. ಹಲಗೆಯ ಮೇಲೆ ನಲವತ್ತು ದಾಟಿದ್ದರೆ ಸೂರ್ಯ ಮುಳುಗುವವರೆಗೆ ಯಾರೂ ಓಡಕೂಡದು ಎಂದು ಅವರು ಒಂದು ನಿಯಮ ಮಾಡಿದ್ದರು. ಬರಬರುತ್ತ ಕ್ರಿಕೆಟ್ಟಿನವರು, ಶಾಲೆಯವರು, ವಾಕಿಂಗಿನ ಮುದುಕರು ಎಲ್ಲರೂ ಅದನ್ನೇ ಹಿಡಿದರು. ಜನ ನನಗೆ ನಮಸ್ಕಾರ ಹೇಳುವ ಬದಲು “ಮ್ಯಾಡಮ್, ಆಜ್ ಕಿತಿ?” ಎಂದು ಇವತ್ತಿನ ಅಂಕಿ ಕೇಳುತ್ತಿದ್ದರು. ಅದರಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಹೊಸಬರು ಒಂದು ವಿಷಯ ತಿಳಿದಿರಿ, ನಮ್ಮ ಪೆಟ್ಟಿಗೆಯಷ್ಟು ಬೇಗ ಕೆಡುವ ವಸ್ತು ಇನ್ನೊಂದಿಲ್ಲ. ನಾನು ಹೋದ ಮೊದಲ ಬೇಸಿಗೆಯಲ್ಲಿ ಅಂಕಿಗಳು ಏನೇನೋ ಆಗುತ್ತಿದ್ದವು. ಒಂದು ದಿನ ಹೊತ್ತಲ್ಲದ ಹೊತ್ತಿಗೆ ಬಾಗಿಲು ತೆಗೆದರೆ ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಭಾಕರಿ ಗಂಟು, ಮಜ್ಜಿಗೆಯ ಬಾಟಲಿ! ಮೈದಾನದಲ್ಲಿ ನೆರಳಿರುವ ಜಾಗ ಅದೊಂದೇ ಎಂದು ಕಾವಲುಗಾರ ತನ್ನ ಊಟ ಅಲ್ಲಿಟ್ಟಿದ್ದ. ಇನ್ನೊಂದು ಸಲ, ಹವೆಯ ತೇವ ಅಳೆಯಲು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ಯಾರೋ ಟ್ಯಾಂಕರಿನ ಗಡಸು ನೀರು ಹಾಕಿ, ಆ ಬಟ್ಟೆ ಸುಣ್ಣ ಹಿಡಿದು ಹಪ್ಪಳವಾಗಿತ್ತು. ಎರಡೂ ಸಲ ನನ್ನ ಬಾಯಿ ಇಡೀ ಮೈದಾನಕ್ಕೆ ಕೇಳಿಸಿತ್ತಂತೆ.

ನಮ್ಮ ನಾಶಿಕದ ಸಾಹೇಬರು ಕುಲಕರ್ಣಿಯವರು, ಗಡಿಯ ಜತ್ ಕಡೆಯವರು, ಕನ್ನಡ ಚೆನ್ನಾಗಿ ಬಲ್ಲವರು. ತಪಾಸಣೆಗೆ ಬಂದಾಗಲೆಲ್ಲ ಅವರದು ಒಂದೇ ಉಪದೇಶ: “ಪೆಟ್ಟಿಗಿ ಏನು ಹೇಳ್ತದ ಅದನ್ನ ಬರೀರಿ ಕಸ್ತೂರಿಬಾಯಿ. ನಿಮಗೇನು ಅನಿಸ್ತದ ಅದನ್ನ ಬರೀಬ್ಯಾಡ್ರಿ.” ಅದು ಒಳ್ಳೆಯ ನಿಯಮ. ಮನೆಯಲ್ಲಿ ಮಲಗಿಕೊಂಡೇ ಅಂದಾಜಿನ ಅಂಕಿ ಕಳಿಸುವ ಮಹಾನುಭಾವರು ನಮ್ಮಲ್ಲಿ ಇದ್ದರು. ಮುಂದೆ ಬೇಲಿಯೊಳಗೇ ಒಂದು ಸ್ವಯಂಚಾಲಿತ ಕಂಬವೂ ಬಂತು. ಅದು ತಾನೇ ಅಳೆದು ತಾನೇ ಕಳಿಸುತ್ತಿತ್ತು. ಇನ್ನು ನಿಮ್ಮ ಕಣ್ಣಿಗೆ ಕೆಲಸವಿಲ್ಲ ಎಂದು ನನ್ನನ್ನು ಹಲವರು ರೇಗಿಸಿದರು.

ಒಂದು ಚಳಿಗಾಲದಲ್ಲಿ ನಗರಪರಿಷತ್ತಿಗೆ, ಅಂದರೆ ಅಲ್ಲಿಯ ಪುರಸಭೆಗೆ, ಒಬ್ಬ ಹೊಸ ಮುಖ್ಯಾಧಿಕಾರಿ ಬಂದರು. ವಯಸ್ಸು ಸಣ್ಣದು, ಉತ್ಸಾಹ ದೊಡ್ಡದು. ವಾಸಕ್ಕೆ ಯೋಗ್ಯವಾದ ಸಣ್ಣ ಪಟ್ಟಣಗಳ ಸ್ಪರ್ಧೆಯೊಂದಿತ್ತು, ಅದರಲ್ಲಿ ನಮ್ಮ ಊರನ್ನು ಗೆಲ್ಲಿಸಬೇಕೆಂಬ ಹಟ ಅವರಿಗೆ. ಮೈದಾನದ ನಮ್ಮ ಮೂಲೆಯನ್ನೇ ಆರಿಸಿ ಹುಲ್ಲುಹಾಸು ಹಾಕಿಸಿದರು, ಬೆಂಚು ಇಡಿಸಿದರು, ಟ್ಯಾಂಕರಿನ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಕೂರಿಸಿದರು. ಪ್ರೀತಿಯಿಂದ ನಮ್ಮ ಬೇಲಿಯೊಳಗೂ ಹುಲ್ಲು ಹಾಸಿಕೊಟ್ಟರು. ಬೇಡ ಎಂದೆ. “ಹಸಿರಿಗೂ ಬೇಡ ಅನ್ನೋರನ್ನ ನಾನು ಇವತ್ತೇ ನೋಡಿದ್ದು ಮ್ಯಾಡಮ್,” ಎಂದು ಮರಾಠಿಯಲ್ಲಿ ನಕ್ಕರು. ಜಾಗ ನಗರಪರಿಷತ್ತಿನದು, ನಾವು ಅಲ್ಲಿ ಕೂತಿದ್ದವರು. ನಾಶಿಕದ ನಮ್ಮ ಕಚೇರಿಯನ್ನು ಕೇಳಿದರೆ, ಗಿಡ್ಡ ಹುಲ್ಲಿದ್ದರೆ ನಿಯಮಕ್ಕೆ ಅಡ್ಡಿಯಿಲ್ಲ ಎಂಬ ಉತ್ತರ ಬಂತು. ಸ್ಪ್ರಿಂಕ್ಲರಿನ ಮಾತು ಆ ಉತ್ತರದಲ್ಲಿ ಇರಲಿಲ್ಲ.

ಬೇಸಿಗೆ ಬಂತು. ಹಲಗೆಯ ಅಂಕಿ ಏರಲೇ ಇಲ್ಲ. ಬೇರೆ ವರ್ಷ ನಲವತ್ತು ದಾಟುವ ಹೊತ್ತಿನಲ್ಲಿ ಮೂವತ್ತಾರು, ಮೂವತ್ತೇಳು. ಊರು ತಂಪಾಯಿತು ಎಂದು ಪೇಟೆಯಲ್ಲಿ ಬ್ಯಾನರು ಎದ್ದಿತು. ಶಿಂದೆ ಸರ್ ನನ್ನ ಅಂಕಿ ನಂಬಿ ಹುಡುಗರನ್ನು ಬಿಸಿಲಿರುವಾಗಲೇ ಓಡಿಸಲು ಶುರುಮಾಡಿದರು. ಪೊಲೀಸ್ ಭರ್ತಿಗೆಂದು ಅವರ ಹತ್ತಿರ ಓಟ ಕಲಿಯುತ್ತಿದ್ದ ಅಶ್ವಿನಿ ಒಂದು ಸಂಜೆ ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಕೇಳಿದರೆ, “ನನಗೊಬ್ಬಾಕಿಗಲ್ಲ, ಇನ್ನೂ ಮೂರು ಹುಡುಗ್ಯಾರಿಗೂ ಆತು. ಏನಾಗಲ್ಲ ಬಿಡ,” ಎಂದು ಕನ್ನಡದಲ್ಲೇ ಸಿಡುಕಿದಳು.

ಮರುದಿನ ಮಧ್ಯಾಹ್ನ ಕೈ ಥರ್ಮಾಮೀಟರು ತೆಗೆದುಕೊಂಡು ಹೋದೆ. ಹಿಡಿ ಹಿಡಿದು ಗಿರಗಿರ ತಿರುಗಿಸುವ ಸಾಧನ ಅದು, ಮಕ್ಕಳ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಓಟದ ದಾರಿಯ ಆಚೆ ತುದಿಯಲ್ಲಿ, ನನ್ನ ನೆರಳಲ್ಲೇ ಹಿಡಿದು ತಿರುಗಿಸಿದೆ. ನಲವತ್ತೆರಡು. ಬೇಲಿಗೆ ಬಂದು ಪೆಟ್ಟಿಗೆ ತೆಗೆದೆ. ಮೂವತ್ತೇಳು. ಗಾಳಿ ತಿರುಗಿದಾಗಲೆಲ್ಲ ಸ್ಪ್ರಿಂಕ್ಲರಿನ ತುಂತುರು ಪೆಟ್ಟಿಗೆಯ ಪಟ್ಟಿಗಳ ಸಂದಿಯಿಂದ ಒಳಗೆ ಬರುತ್ತಿತ್ತು. ಒಣಗಿರಬೇಕಾದ ಥರ್ಮಾಮೀಟರಿನ ತುದಿಗೆ ನೀರಿನ ಹನಿ ಅಂಟಿತ್ತು. ಆ ಒಣ ಹವೆಯಲ್ಲಿ ಹನಿ ಆರುವಾಗ ಪಾದರಸವನ್ನು ಎಳೆದು ಕೆಳಗಿಳಿಸುತ್ತಿತ್ತು. ಪಕ್ಕದ ಕಂಬವೂ ಅದೇ ಹುಲ್ಲಿನಲ್ಲಿ ನಿಂತು ಅದೇ ಸುಳ್ಳನ್ನು ಮೇಲಕ್ಕೆ ಕಳಿಸುತ್ತಿತ್ತು. ಊರು ತಂಪಾಗಿರಲಿಲ್ಲ, ನನ್ನ ಪೆಟ್ಟಿಗೆಗೆ ಮಾತ್ರ ಯಾರೋ ದಿನಾ ಸ್ನಾನ ಮಾಡಿಸುತ್ತಿದ್ದರು.

ಕುಲಕರ್ಣಿಯವರಿಗೆ ಫೋನ್ ಮಾಡಿದೆ. “ಸ್ಪ್ರಿಂಕ್ಲರ್ ಬಂದ್ ಮಾಡಿಸ್ರಿ,” ಎಂದರು. ಅದರ ಕೀಲಿ ನಗರಪರಿಷತ್ತಿನಲ್ಲಿತ್ತು. ಮುಖ್ಯಾಧಿಕಾರಿಗಳು ಬಲು ಸೌಜನ್ಯದಿಂದ ಒಪ್ಪಿದರು: ನೀವು ಬೆಳಿಗ್ಗೆ ಸಂಜೆ ಓದುವ ಹೊತ್ತಿಗೆ ನಿಲ್ಲಿಸುತ್ತೇವೆ. ಹಾಗೆಯೇ ನಿಲ್ಲಿಸಿದರು. ಹಲಗೆಗೆ ಬರೆಯುವ ನಡು ಮಧ್ಯಾಹ್ನ ಮಾತ್ರ ನೀರು ಹಾರುತ್ತಲೇ ಇತ್ತು. ಸಾಹೇಬರ ನಿಯಮ ಮೀರಲಾರದೆ ನಾನು ಪೆಟ್ಟಿಗೆ ಹೇಳಿದ ಅಂಕಿಯನ್ನೇ ಹಲಗೆಗೆ ಬರೆಯುತ್ತ ಹೋದೆ. ನಾನು ಶಿಂದೆ ಸರ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಅಂದೇ ಓಟವನ್ನು ಸೂರ್ಯ ಮುಳುಗಿದ ಮೇಲಕ್ಕೆ ಹಾಕಿದರು. ಅಲ್ಲಿಗೆ ಗಂಡಾಂತರ ಕಳೆಯಿತು ಎಂದುಕೊಂಡೆ.

ಕಳೆದಿರಲಿಲ್ಲ. ಸ್ಪರ್ಧೆಯ ತೀರ್ಪುಗಾರರು ಬರುವ ದಿನ ಮೈದಾನದಲ್ಲಿ ಓಟದ ಪಂದ್ಯ ಇಟ್ಟಿದ್ದರು. ಮೊದಲು ಬಂದ ಮೂವರು ಹುಡುಗಿಯರಿಗೆ ಛತ್ರಪತಿ ಸಂಭಾಜಿನಗರದಲ್ಲಿ ಇದ್ದು ಕಲಿಯುವ ಪೊಲೀಸ್ ಭರ್ತಿಯ ತರಬೇತಿ, ಊಟ ವಸತಿ ಪುಕ್ಕಟೆ. ಅಶ್ವಿನಿ ಎರಡು ವರ್ಷದಿಂದ ಅದೇ ಜಪ ಮಾಡುತ್ತಿದ್ದಳು. ಪಂದ್ಯ ಸಂಜೆ ಇಳಿಹೊತ್ತಿಗೆ ಎಂದಿದ್ದರು. ಅಂದು ಬೆಳಿಗ್ಗೆ ಸುದ್ದಿ ಬಂತು. ಅತಿಥಿಗಳಿಗೆ ಮುಂದೆ ಸಂಭಾಜಿನಗರಕ್ಕೆ ಹೋಗಬೇಕಂತೆ, ಪಂದ್ಯ ಊಟವಾದ ಕೂಡಲೇ.

ಅಶ್ವಿನಿ ಹೊಸ್ತಿಲಲ್ಲಿ ಕೂತು ಬೂಟು ಕಟ್ಟುತ್ತಿದ್ದಳು. ಹೋಗಬೇಡ ಎಂದೆ.

“ಅವ್ವಾ, ಪ್ಲೀಜ್. ಸುರು ಮಾಡಬ್ಯಾಡ.”

“ಹೊರಗ ಎಷ್ಟದ ಗೊತ್ತದೇನು ನಿನಗ?”

“ನೀನ ಬರ್ದಿಯಲ್ಲ, ಮೂವತ್ತೇಳು! ನಿನ್ನೆ ಮೂವತ್ತೇಳು, ಮೊನ್ನೆ ಮೂವತ್ತಾರು. ಊರಾಗಿನ ಎಲ್ಲರೂ ನಿನ್ನ ಅಂಕಿ ಹಿಡಕೊಂಡು ಓಡಬೇಕು, ನಾ ಒಬ್ಬಾಕಿ ಓಡಬಾರದೇನು?”

ಕೈ ಥರ್ಮಾಮೀಟರಿನ ಮಾತು ತೆಗೆದೆ. “ಅದು ನಿನ್ನ ಕೈ ಅಂತದ. ನಾಶಿಕಕ್ಕ ಹೋಗೋದು ಯಾವ್ದು?” ಎಂದಳು. ಅವಳು ಎದ್ದು ಹೋದಳು. ನಾನು ಸೆರಗು ಬಿಗಿದುಕೊಂಡು ಅವಳ ಹಿಂದೆಯೇ ಮೈದಾನಕ್ಕೆ ನಡೆದೆ.

ಮಂಟಪ, ಧ್ವನಿವರ್ಧಕ, ಕುರ್ಚಿ, ಅತಿಥಿಗಳ ಮೇಲೆ ಕೂಲರಿನ ಗಾಳಿ. ಓಡುವವರ ಮೇಲೆ ಬರೀ ಆಕಾಶ. ನಾನು ಓಟದ ದಾರಿಯಲ್ಲಿ ನಿಂತು ಎಲ್ಲರ ಕಣ್ಣೆದುರು ಕೈ ಥರ್ಮಾಮೀಟರು ತಿರುಗಿಸಿದೆ. ನಲವತ್ತೆರಡರ ಮೇಲೆ. ಬೇಲಿಗೆ ಹೋಗಿ ಪೆಟ್ಟಿಗೆ ಓದಿ, ಹಲಗೆ ಒರೆಸಿ ಮರಾಠಿಯಲ್ಲಿ ದೊಡ್ಡದಾಗಿ ಎರಡು ಸಾಲು ಬರೆದೆ: ಹುಲ್ಲಿನ ಮೇಲೆ ಮೂವತ್ತೇಳು, ಮಣ್ಣಿನ ಮೇಲೆ ನಲವತ್ತೆರಡು.

ಶಿಂದೆ ಸರ್ ಬಂದು ಓದಿದರು. ನೆಟ್ಟಗೆ ಮಂಟಪಕ್ಕೆ ಹೋಗಿ, ನಲವತ್ತು ದಾಟಿದೆ, ನನ್ನ ಮಕ್ಕಳು ಓಡುವುದಿಲ್ಲ ಎಂದರು. ಮುಖ್ಯಾಧಿಕಾರಿಗಳು ನನ್ನ ಬಳಿ ಬಂದರು. ಅವರ ದನಿ ಏರಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಮ್ಯಾಡಮ್, ಈ ಎರಡರಲ್ಲಿ ನಿಮ್ಮ ಇಲಾಖೆಗೆ ಹೋಗುವುದು ಯಾವುದು?”

“ಹುಲ್ಲಿನದು. ಕಂಬ ಅದನ್ನೇ ಕಳಿಸುತ್ತದೆ.”

“ಹಾಗಾದರೆ ಅದು ಸರ್ಕಾರದ ಅಂಕಿ. ಇನ್ನೊಂದು ನಿಮ್ಮ ಸ್ವಂತದ್ದು.”

ಅವರ ಕಚೇರಿಯ ಸಿಪಾಯಿ ಕೆಳಗಿನ ಸಾಲನ್ನು ಕೈಯಿಂದಲೇ ಒರೆಸಿದ. ನಾನು ಅಲ್ಲೇ ನಿಂತು ಕುಲಕರ್ಣಿಯವರಿಗೆ ಫೋನ್ ಹಚ್ಚಿದೆ. “ಸರ್, ಒಂದ್ ಮಾತು ಅವರಿಗೆ ಹೇಳ್ರಿ, ಪೆಟ್ಟಿಗಿ ಸುಳ್ಳ ಹೇಳಾಕತ್ತದ ಅಂತ.”

“ಕಸ್ತೂರಿಬಾಯಿ, ಕೈ ಥರ್ಮಾಮೀಟರ್ ಮ್ಯಾಲೆ ನಾ ಫೋನಿನ್ಯಾಗ ಹೆಂಗ ಹೇಳ್ಲಿ? ತಪಾಸಣಿ ಆಗಬೇಕಲ್ಲ. ನಾಳೆ ನಾನ ಬರ್ತೀನಿ.”

“ನಾಳೆ ಬಂದು ಏನ್ ನೋಡ್ತೀರಿ ಸರ್?” ಎಂದು ಫೋನ್ ಇಟ್ಟೆ. ಸಾಹೇಬರೊಂದಿಗೆ ಹಾಗೆ ಮಾತಾಡಿದ್ದು ಅದೇ ಮೊದಲು.

ಶಿಂದೆ ಸರ್ ತಮ್ಮ ಹುಡುಗರನ್ನು ಕೂರಿಸಿದರು. ಹೆಚ್ಚಿನವರು ಕೂತರು, ಕೆಲವರು ಅಳುತ್ತ ಕೂತರು. ಆದರೆ ಜಾಗ ಸಿಗುವುದು ಮೂವರಿಗೆ ಮಾತ್ರ. ಅಷ್ಟು ಹುಡುಗಿಯರು ಕೂತುಬಿಟ್ಟರೆ ಎದ್ದು ನಿಂತವರ ಆಸೆ ಇನ್ನೂ ಹೆಚ್ಚುತ್ತದೆ. ಎದ್ದು ನಿಂತವರಲ್ಲಿ ಅಶ್ವಿನಿ ಇದ್ದಳು. ನಾನು ಓಟ ಶುರುವಾಗುವ ಗೆರೆಯ ಹತ್ತಿರ ಹೋಗಿ ನಿಂತೆ. ಅವಳು ನನ್ನ ಕಡೆ ನೋಡಲಿಲ್ಲ. ಪಿಸ್ತೂಲಿನ ಸದ್ದಾಯಿತು.

ಮೊದಲ ಸುತ್ತಿನಲ್ಲಿ ಅವಳು ಮುಂದಿದ್ದಳು. ಸುಳ್ಳು ಹೇಳುವುದಿಲ್ಲ, ಹೆತ್ತ ಕರುಳು ಒಂದು ಗಳಿಗೆ ಹಿಗ್ಗಿತು. ಎರಡನೆಯ ಸುತ್ತಿನಲ್ಲಿ ಅವಳ ಮುಖ ಕೆಂಪಾಗಿತ್ತು. ಮೂರನೆಯದರಲ್ಲಿ ನೋಡಿದರೆ ಹಣೆಯ ಮೇಲೆ ಬೆವರೇ ಇರಲಿಲ್ಲ, ಬಿಸಿಲಿನ ಹೊಡೆತ ಬಿದ್ದ ಗುರುತು ಅದು. ಶಿಂದೆ ಸರ್ ನನ್ನ ಪಕ್ಕದಲ್ಲಿದ್ದರು. ಅವರೂ ಅದನ್ನೇ ನೋಡಿ “ಅಶ್ವಿನೀ, ಥಾಂಬ್!” ಎಂದು ಕಿರುಚಿದರು, ನಿಲ್ಲು ಎಂದು. ಅವಳಿಗೆ ಕೇಳಿಸಲಿಲ್ಲ. ತಿರುವಿನಲ್ಲಿ ತಿರುಗುವುದನ್ನೇ ಮರೆತು, ದಾರಿ ಬಿಟ್ಟು, ಕಾಲು ತೊಡರುತ್ತ ನೆಟ್ಟಗೆ ಓಡುತ್ತಲೇ ಬಂದಳು. ನಮ್ಮ ಬೇಲಿಯ ಹತ್ತಿರ ಬಂದು ಬಿದ್ದಳು.

ಮುಟ್ಟಿದರೆ ಮೈ ಹೆಂಚಿನ ಹಾಗೆ ಸುಡುತ್ತಿತ್ತು. ಕಣ್ಣು ತೆರೆದಿದ್ದವು, ನನ್ನ ಗುರುತು ಇರಲಿಲ್ಲ. ಮರಾಠಿಯಲ್ಲಿ ಯಾರನ್ನೋ ದಾರಿ ಬಿಡು ಎಂದು ಬೈಯುತ್ತಿದ್ದಳು. ಯಾರೋ ಬಾಯಿಗೆ ನೀರು ಹಾಕಲು ಬಂದರು. ಪ್ರಜ್ಞೆ ನೆಟ್ಟಗಿಲ್ಲದವಳ ಬಾಯಿಗೆ ನೀರು ಹಾಕಬೇಡಿ ಎಂದು ಶಿಂದೆ ಸರ್ ತಡೆದರು. ನಾವಿಬ್ಬರೂ ಅವಳನ್ನು ಎತ್ತಿ ಹುಲ್ಲಿನ ಮೇಲೆ, ಸ್ಪ್ರಿಂಕ್ಲರಿನ ಬುಡದಲ್ಲಿ ಮಲಗಿಸಿದೆವು. ಕಾಲಲ್ಲಿದ್ದ ಬೂಟು ಕಿತ್ತೆ. ಅವರು ಬೇಲಿಯ ಹಲಗೆಯನ್ನು ತಂತಿಯಿಂದ ಕಿತ್ತು ತಂದು, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಗಾಳಿ ಬೀಸತೊಡಗಿದರು. ಪೆಟ್ಟಿಗೆಯ ಅಂಕಿ ಕೆಡಿಸಿದ ನೀರು, ಅದೇ ಒಣ ಗಾಳಿ, ಈಗ ಅವಳ ಮೈಯ ಬಿಸಿಯನ್ನು ಇಳಿಸಬೇಕಿತ್ತು. ನಾನು ಸೆರಗು ತೋಯಿಸಿ ಅವಳ ಕುತ್ತಿಗೆಗೆ, ಕಂಕುಳಿಗೆ ಒತ್ತುತ್ತಲೇ ಇದ್ದೆ. ಇಳಿ, ಇಳಿ ಎಂದು ಪಾದರಸಕ್ಕೆ ಹೇಳಿದ ಹಾಗೆ ಮಗಳ ಮೈಗೆ ಹೇಳುತ್ತಿದ್ದೆ. ಧ್ವನಿವರ್ಧಕದಲ್ಲಿ ಗೆದ್ದವರ ಹೆಸರು ಓದುತ್ತಿದ್ದರು.

ಆಂಬುಲೆನ್ಸು ಸಿನ್ನರಿನಿಂದ ಬರಬೇಕಿತ್ತು. ಅದು ಬರುವ ಹೊತ್ತಿಗೆ ಅವಳು ಕಣ್ಣು ಮುಚ್ಚಿ ತೆರೆದು “ಅವ್ವಾ, ಚಳಿ,” ಎಂದಳು. ಆಗ ನಾನು ಅಲ್ಲೇ ಕೂತು ಅತ್ತುಬಿಟ್ಟೆ. ನಾಶಿಕದ ಆಸ್ಪತ್ರೆಯಲ್ಲಿ ಡಾಕ್ಟರು, ತಂಪು ಮಾಡಲು ಇನ್ನು ಸ್ವಲ್ಪ ತಡವಾಗಿದ್ದರೆ ಮಿದುಳಿಗೇ ಏಟು ಬೀಳುತ್ತಿತ್ತು ಎಂದರು. ಆ ಬಿಸಿಗೆ ಕೆಟ್ಟ ಕಿಡ್ನಿ ಸರಿಹೋಗಲು ವಾರಗಳೇ ಹಿಡಿದವು. ಇನ್ನು ಮೇಲೆ ಬಿಸಿಲಲ್ಲಿ ಓಡಕೂಡದು, ಮೈ ಮತ್ತೆ ತಡೆಯಲಿಕ್ಕಿಲ್ಲ ಎಂದೂ ಹೇಳಿದರು. ಪೊಲೀಸ್ ಭರ್ತಿಯ ಮಾತು ಅಲ್ಲಿಗೆ ಮುಗಿಯಿತು.

ಕುಲಕರ್ಣಿಯವರು ಹೇಳಿದ ಹಾಗೆ ಮರುದಿನವೇ ಊರಿಗೆ ಹೋಗಿ, ತಾವೇ ಮೈದಾನದ ಎರಡೂ ತುದಿಯಲ್ಲಿ ಅಳೆದು, ಆಮೇಲೆ ಆಸ್ಪತ್ರೆಗೆ ಬಂದರು. ಕೈಯಲ್ಲಿ ಮೋಸಂಬಿ ಚೀಲ. ಬಹಳ ಹೊತ್ತು ಕೂತರು. “ನೀವು ಹೇಳಿದ್ದ ಖರೇ ಅದರಿ,” ಎಂದರು. ನಾನು ಚೀಲ ತೆಗೆದುಕೊಂಡೆ. ಅವರು ಕೆಟ್ಟವರಲ್ಲ. ಅವರ ನಿಯಮವೂ ಕೆಟ್ಟದ್ದಲ್ಲ. ಆದರೆ ಅಂದು ನನಗೆ ಅವರ ಮುಖ ನೋಡಲು ಆಗಲಿಲ್ಲ. ಮಳೆಗಾಲಕ್ಕೆ ಮೊದಲು ವೀಕ್ಷಣಾಲಯವನ್ನು ಊರ ಹೊರಗಿನ ಬಯಲಿಗೆ ಸಾಗಿಸಿದರು. ಹುಲ್ಲುಹಾಸು ಅಲ್ಲೇ ಉಳಿಯಿತು. ನಮ್ಮ ಊರಿಗೆ ಬಹುಮಾನವೂ ಬಂತು.

ಹೊಸಬರಿಗೆ ನಾನು ಹೇಳಬೇಕಾದದ್ದು ಇಷ್ಟೇ. ಪೆಟ್ಟಿಗೆ ಹೇಳಿದ್ದನ್ನೇ ಬರೆಯಿರಿ. ಬರೆಯುವ ಮೊದಲು ಜನ ನಿಂತಿರುವ ಜಾಗಕ್ಕೆ ಹೋಗಿ ನೀವೂ ಸ್ವಲ್ಪ ಹೊತ್ತು ನಿಲ್ಲಿ. ಎರಡೂ ಹೊಂದದಿದ್ದರೆ ಗಲಾಟೆ ಮಾಡಿ, ಬೇಗ ಮಾಡಿ. ನಾನು ಮಾಡಿದ ಗಲಾಟೆ ಕಡಿಮೆಯೇ ಆಯಿತು ಎಂದು ನನಗೆ ಈಗ ಅನಿಸುತ್ತದೆ.

ಅಶ್ವಿನಿ ಈಗ ನಾಶಿಕದಲ್ಲಿ ಒಂದು ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾಳೆ. ನಾನು ನಿವೃತ್ತಳಾದ ಮೇಲೆ ನಾವು ಮೂವರೂ ಒಂದೇ ಮನೆಯಲ್ಲಿದ್ದೇವೆ. ಊಟವಾದ ಮೇಲೆ ತಾಯಿ ಮಗಳು ಕಾಲೊನಿಯ ಸುತ್ತ ನಡೆಯಲು ಹೋಗುತ್ತೇವೆ. ಆ ದಿನದ ಮಾತನ್ನು ಅವಳು ಎಂದೂ ಎತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಒಂದು ದಿನ ನಡೆಯುತ್ತ ನಡೆಯುತ್ತ ತಾನೇ, ಕನ್ನಡದಲ್ಲೇ, ಹೇಳಿದಳು.

“ಅವ್ವಾ, ಅವತ್ತ ನೀ ಗೆರಿ ಹತ್ರ ಬಂದು ನಿಂತಿದ್ದಿ. ನಂಗ ಗೊತ್ತಿತ್ತು. ನನ್ನ ರಟ್ಟಿ ಹಿಡದು ಎಳಕೊಂಡು ಹೋಗಬೇಕಿತ್ತು ನೀ.”

“ಎಳದಿದ್ರ ಬರ್ತಿದ್ಯೇನು?”

“ಇಲ್ಲ,” ಎಂದಳು. “ಆದ್ರೂ ಎಳೀಬೇಕಿತ್ತು.”